ಉಚಿತ ಕಿರು ಕೋರ್ಸುಗಳು: ಹುಡುಕುವ, ಆರಿಸುವ, ಮುಗಿಸುವ ಬಗೆ

ಅಂತರಜಾಲದಲ್ಲಿ ಉಚಿತವಾಗಿ ಸಿಗುವ ಕೋರ್ಸುಗಳ ಪಟ್ಟಿಯನ್ನು ತೆರೆಯುವ ಮೊದಲು, ನೀವು ತಿಳಿಯಬೇಕೆಂದಿರುವುದನ್ನು ಒಂದು ಪ್ರಶ್ನೆಯಾಗಿ ಬರೆದಿಟ್ಟುಕೊಳ್ಳಿ. ‘ರಸಾಯನಶಾಸ್ತ್ರ ಕಲಿಯಬೇಕು’ ಎಂಬುದು ಬಯಕೆಯೇ ಹೊರತು ಪ್ರಶ್ನೆಯಲ್ಲ. ಅದನ್ನು ಪೂರೈಸುವ ಕಿರು ಕೋರ್ಸು ಎಲ್ಲಿಯೂ ಇಲ್ಲ. ಬೆಂಗಳೂರಿನಲ್ಲಿ ಎಲ್ಲರೂ ಕೇಳಿರುವ ಒಂದು ಪ್ರಶ್ನೆಯನ್ನೇ ನೋಡೋಣ: ಬೆಳ್ಳಂದೂರು ಕೆರೆಯಲ್ಲಿ ನೊರೆ ಏಳುವುದೇಕೆ? ಕೊಳಚೆ ನೀರಿನ ಜೊತೆ ಬಂದ ಮಾರ್ಜಕಗಳು ಕೋಡಿಯಲ್ಲಿ ಧುಮುಕುವಾಗ ಗಾಳಿಯೊಡನೆ ಬೆರೆತು ನೊರೆಯಾಗುವ ಬಗೆಯನ್ನು ರಸಾಯನಶಾಸ್ತ್ರ ವಿವರಿಸುತ್ತದೆ. ಅದೇ ಕೊಳಚೆಯಲ್ಲಿರುವ ರಂಜಕ ಮತ್ತು ಸಾರಜನಕದಿಂದ ಕಳೆ ಹಬ್ಬುವುದೇಕೆ ಎಂಬುದನ್ನು ಪರಿಸರ ವಿಜ್ಞಾನ ಹೇಳುತ್ತದೆ. ಒಂದು ಕೆರೆಯ ಹೆಚ್ಚುವರಿ ನೀರು ಇನ್ನೊಂದಕ್ಕೆ ಹರಿಯುವಂತೆ ಹಿಂದಿನವರು ಕಟ್ಟಿದ್ದ ಸಾಲುಗೆರೆಗಳ ವ್ಯವಸ್ಥೆ ಹೇಗೆ ಹಾಳಾಯಿತು ಎಂದು ತಿಳಿಯಬೇಕಾದರೆ ಇತಿಹಾಸ ಮತ್ತು ನಗರ ಯೋಜನೆಯ ಕಡೆಗೆ ಹೊರಳಬೇಕಾಗುತ್ತದೆ. ಇವುಗಳಲ್ಲಿ ಯಾವುದು ನಿಮ್ಮನ್ನು ಹೆಚ್ಚು ಕಾಡುತ್ತದೆಯೋ ಅದೇ ನಿಮ್ಮ ವಿಷಯ.

ಹುಡುಕಾಟವನ್ನು ಕೇಂದ್ರ ಸರ್ಕಾರದ ‘ಸ್ವಯಂ’ ತಾಣದಿಂದ ಆರಂಭಿಸುವುದು ಸೂಕ್ತ. 2017ರಲ್ಲಿ ಆರಂಭವಾದ ಈ ತಾಣದಲ್ಲಿ ಎಂಜಿನಿಯರಿಂಗ್‌ನಿಂದ ಹಿಡಿದು ತತ್ತ್ವಶಾಸ್ತ್ರದವರೆಗಿನ ಕೋರ್ಸುಗಳಿವೆ. ಇದರ ಭಾಗವಾದ ಎನ್‌ಪಿಟಿಇಎಲ್ ಅನ್ನು ಐಐಟಿಗಳೂ ನಮ್ಮ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಕಟ್ಟಿದವು. ಅದರ ಕೋರ್ಸುಗಳು ನಾಲ್ಕು, ಎಂಟು ಅಥವಾ ಹನ್ನೆರಡು ವಾರಗಳವು, ಬಹುತೇಕ ಜನವರಿಯಲ್ಲಿ ಅಥವಾ ಜುಲೈನಲ್ಲಿ ಶುರುವಾಗುತ್ತವೆ. ಅಷ್ಟು ಕಾಯುವ ವ್ಯವಧಾನವಿಲ್ಲದವರಿಗೆ ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯು 2006ರಿಂದ ನಡೆಸುತ್ತಿರುವ ‘ಓಪನ್‌ಲರ್ನ್’ ಅನುಕೂಲಕರ: ಯಾವ ದಿನ ಬೇಕಾದರೂ ಆರಂಭಿಸಬಹುದು, ಕೋರ್ಸಿಗೆ ಎಷ್ಟು ಗಂಟೆ ಬೇಕು ಮತ್ತು ಅದು ಯಾವ ಮಟ್ಟದ್ದು ಎಂಬುದನ್ನು ಮೊದಲೇ ತಿಳಿಸಿರುತ್ತಾರೆ. ಅಲ್ಲಿ ವೀಡಿಯೊಗಿಂತ ಓದುವ ಪಾಠವೇ ಹೆಚ್ಚು. ಅದನ್ನು ಪಿಡಿಎಫ್ ರೂಪದಲ್ಲಿ ಇಳಿಸಿಕೊಳ್ಳಬಹುದಾದ್ದರಿಂದ, ದಿನವೂ ಮೆಟ್ರೋದಲ್ಲಿ ಓಡಾಡುವವರಿಗೆ ಇದು ನಿಜಕ್ಕೂ ಉಪಕಾರಿ. ಅಮೆರಿಕದ ಎಂಐಟಿಯ ‘ಓಪನ್‌ಕೋರ್ಸ್‌ವೇರ್’ ನೋಂದಣಿಯನ್ನೂ ಕೇಳುವುದಿಲ್ಲ, ಪ್ರಮಾಣಪತ್ರವನ್ನೂ ಕೊಡುವುದಿಲ್ಲ. ಅಲ್ಲಿರುವುದು ಪೂರ್ಣ ಪ್ರಮಾಣದ ಕಾಲೇಜು ಪಾಠ, ನಿಮಗೆ ಬೇಕಾದ ಅಧ್ಯಾಯವನ್ನಷ್ಟೇ ಆರಿಸಿ ಓದಬೇಕು. ಎಡ್‌ಎಕ್ಸ್ ಮತ್ತು ಕೋರ್ಸೆರಾದಂಥ ತಾಣಗಳಲ್ಲಿ ‘ಉಚಿತ’ ಎಂಬ ಮಾತಿಗೆ ಮಿತಿಯಿದೆ: ಕೆಲವು ಪಾಠ ಮಾತ್ರ ಉಚಿತವಾಗಿರಬಹುದು, ಅಥವಾ ಕೆಲವು ವಾರಗಳ ನಂತರ ಪಾಠ ಕಾಣದೆ ಹೋಗಬಹುದು. ಬ್ಯಾಂಕ್ ಕಾರ್ಡಿನ ವಿವರ ಕೇಳುವ ಪುಟ ಬಂದರೆ ಅಲ್ಲಿಯೇ ನಿಂತು ಷರತ್ತುಗಳನ್ನು ಪೂರ್ತಿ ಓದಿರಿ.

ಕೋರ್ಸಿನ ಹೆಸರನ್ನು ನೋಡಿ ಸೇರಬೇಡಿ, ವಾರವಾರದ ಪಾಠಪಟ್ಟಿಯನ್ನು ನೋಡಿ ಸೇರಿರಿ. ‘ಪರಿಚಯ’ ಎಂಬ ಹೆಸರು ಹೊತ್ತ ಕೋರ್ಸು ಮೂರನೆಯ ವಾರಕ್ಕೇ ಕಲನಶಾಸ್ತ್ರವನ್ನು ಬೇಡಬಹುದು. ಪಿಯುಸಿಯಲ್ಲಿ ವಾಣಿಜ್ಯ ಓದಿದವರು ಅಂತಹ ಕಡೆ ಸೋತು, ತಮಗೆ ವಿಷಯವೇ ಒಗ್ಗದು ಎಂದು ತಪ್ಪು ತಿಳಿಯುತ್ತಾರೆ. ಪಟ್ಟಿಯ ನಡುವಿನ ಒಂದು ಪಾಠವನ್ನು ತೆರೆದು ಹತ್ತು ನಿಮಿಷ ಕೇಳಿದರೆ ಅದರ ಹದ ತಿಳಿಯುತ್ತದೆ. ಎನ್‌ಪಿಟಿಇಎಲ್‌ನ ಹಳೆಯ ಪಾಠಗಳು ಯೂಟ್ಯೂಬಿನಲ್ಲಿಯೂ ಇರುವುದರಿಂದ ಈ ಪರೀಕ್ಷೆ ಸುಲಭ. ಒಮ್ಮೆಗೆ ಒಂದೇ ಕೋರ್ಸು ಸಾಕು.

ಭಾಷೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ಅನೇಕರು ಇಂಗ್ಲಿಷ್ ಉಪನ್ಯಾಸಕ್ಕೆ ಹೆದರಿ ಹಿಂದೆ ಸರಿಯುತ್ತಾರೆ, ಸರಿಯಬೇಕಾಗಿಲ್ಲ. ಎನ್‌ಪಿಟಿಇಎಲ್‌ನ ಕೆಲವು ಕೋರ್ಸುಗಳಿಗೆ ಕನ್ನಡ ಅನುವಾದದ ಪಠ್ಯವಿದೆ, ಶಾಲಾ ಮಟ್ಟದ ಗಣಿತಕ್ಕೆ ಖಾನ್ ಅಕಾಡೆಮಿಯ ಕನ್ನಡ ಪಾಠಗಳಿವೆ. ಅವು ಇಲ್ಲದ ಕಡೆ ವೀಡಿಯೊದ ವೇಗವನ್ನು ತಗ್ಗಿಸಿ, ಅಡಿಬರಹವನ್ನು ತೆರೆದಿಟ್ಟು ಕೇಳಿರಿ. ಟಿಪ್ಪಣಿಯನ್ನು ಮಾತ್ರ ಕನ್ನಡದಲ್ಲಿಯೇ ಬರೆಯಿರಿ: ಪಾರಿಭಾಷಿಕ ಪದ ಹೇಗಿದೆಯೋ ಹಾಗೆಯೇ ಇರಲಿ, ಅದರ ವಿವರಣೆ ನಿಮ್ಮ ಮಾತಿನಲ್ಲಿರಲಿ. ಪಾಠ ನಿಲ್ಲಿಸಿ ನಾಲ್ಕು ಸಾಲು ಬರೆಯಲು ಹೊರಟಾಗ ಕೈ ತಡವರಿಸಿದರೆ, ಅರ್ಥವಾಗದ ಜಾಗ ಅದೇ ಎಂದು ಗೊತ್ತಾಗುತ್ತದೆ. ಉಪನ್ಯಾಸಕರ ವಾಕ್ಯವನ್ನೇ ನಕಲು ಮಾಡಿಕೊಂಡವರಿಗೆ ಈ ಸುಳಿವು ಸಿಗುವುದಿಲ್ಲ. ಅಭ್ಯಾಸದ ಲೆಕ್ಕಗಳನ್ನೂ ಉತ್ತರ ನೋಡುವ ಮೊದಲೇ ಮಾಡಿರಿ. ಮನೆಯಲ್ಲಿಯೋ ಪಿಜಿಯಲ್ಲಿಯೋ ಗದ್ದಲವಿದ್ದರೆ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯ ಅಥವಾ ನಿಮ್ಮ ಬಡಾವಣೆಯ ಗ್ರಂಥಾಲಯವನ್ನು ಬಳಸಿಕೊಳ್ಳಬಹುದು.

ಪ್ರಮಾಣಪತ್ರದ ಮಾತು ಬೇರೆ. ಓಪನ್‌ಲರ್ನ್ ಕೋರ್ಸು ಮುಗಿಸಿದವರಿಗೆ ಪಾಲ್ಗೊಂಡ ಬಗ್ಗೆ ಒಂದು ಪತ್ರ ಉಚಿತವಾಗಿ ಸಿಗುತ್ತದೆ, ಆದರೆ ಅದು ಪದವಿಯ ಅಂಕಗಳಿಗೆ ಸೇರುವಂಥದ್ದಲ್ಲ. ಎನ್‌ಪಿಟಿಇಎಲ್‌ನಲ್ಲಿ ಕಲಿಕೆ ಉಚಿತ, ಪರೀಕ್ಷೆಗೆ ಶುಲ್ಕವಿದೆ, ಅದನ್ನು ಕೇಂದ್ರಕ್ಕೆ ಹೋಗಿಯೇ ಬರೆಯಬೇಕು. ನೂರು ಅಂಕಗಳಲ್ಲಿ 25 ವಾರದ ಅಸೈನ್‌ಮೆಂಟುಗಳಿಗೆ, 75 ಪರೀಕ್ಷೆಗೆ. ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 30 ಬಂದರೆ ಮಾತ್ರ ತೇರ್ಗಡೆ. ಹನ್ನೆರಡು ವಾರಗಳ ಕೋರ್ಸಿನಲ್ಲಿ ಅತ್ಯುತ್ತಮವಾದ ಎಂಟು ಅಸೈನ್‌ಮೆಂಟುಗಳನ್ನಷ್ಟೇ ಪರಿಗಣಿಸುವುದರಿಂದ, ಕಚೇರಿಯ ಕೆಲಸದ ಒತ್ತಡದಲ್ಲಿ ಒಂದೆರಡು ವಾರ ತಪ್ಪಿದರೂ ಕೈಬಿಡಬೇಕಿಲ್ಲ. ಕಾಲೇಜು ವಿದ್ಯಾರ್ಥಿಗಳು ಇನ್ನೊಂದನ್ನು ಗಮನಿಸಬೇಕು: ಯುಜಿಸಿಯ 2021ರ ನಿಯಮದಂತೆ ಸೆಮಿಸ್ಟರಿನ ಒಟ್ಟು ಕೋರ್ಸುಗಳಲ್ಲಿ ಶೇ. 40ರವರೆಗೆ ಸ್ವಯಂ ಮೂಲಕ ಪಡೆಯಲು ಅವಕಾಶವಿದ್ದರೂ, ನೀವು ಆರಿಸಿದ ಕೋರ್ಸಿಗೆ ನಿಮ್ಮ ಕಾಲೇಜಿನ ಒಪ್ಪಿಗೆ ಬೇಕು. ಕೋರ್ಸು ಆರಂಭವಾಗುವ ಮೊದಲೇ ವಿಭಾಗದ ಮುಖ್ಯಸ್ಥರಿಂದ ಅದನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ. ಕೋರ್ಸಿಗೆ ಹೆಸರು ನೋಂದಾಯಿಸಿದ ಮಾತ್ರಕ್ಕೆ ಪರೀಕ್ಷೆಗೆ ನೋಂದಣಿಯಾಗುವುದಿಲ್ಲ. ಅದಕ್ಕೆ ಪ್ರತ್ಯೇಕ ಅರ್ಜಿಯೂ ಕೊನೆಯ ದಿನಾಂಕವೂ ಇರುತ್ತವೆ. ಆ ದಿನಾಂಕವನ್ನು ಸೇರಿದ ದಿನವೇ ಗುರುತು ಹಾಕಿಟ್ಟುಕೊಳ್ಳಿ.