ಕೂಲೆಂಟ್ ಇಳಿಯುತ್ತಿದೆಯೇ? ಮತ್ತೆ ತುಂಬಿಸುವ ಮೊದಲು ಸೋರುವ ಜಾಗ ಹುಡುಕಿ

ಎಂಜಿನ್ ತಣಿಸುವ ದ್ರವವಾದ ಕೂಲೆಂಟ್ ಪೆಟ್ರೋಲಿನ ಹಾಗೆ ಉರಿದು ಖರ್ಚಾಗುವುದಿಲ್ಲ. ಒಮ್ಮೆ ತುಂಬಿದ್ದು ಎಂಜಿನ್ ಮತ್ತು ರೇಡಿಯೇಟರ್ ನಡುವೆ ಸುತ್ತುತ್ತಲೇ ಇರಬೇಕು. ವರ್ಷದಲ್ಲಿ ತುಸು ಇಳಿದರೆ ಚಿಂತೆಯಿಲ್ಲ. ತಿಂಗಳು ತಿಂಗಳೂ ಕೂಲೆಂಟ್ ಡಬ್ಬಿಯ ಮ್ಯಾಕ್ಸ್ ಗೆರೆಯಿಂದ ಮಿನ್ ಗೆರೆಗೆ ಬರುತ್ತಿದ್ದರೆ ಎಲ್ಲೋ ಸೋರುತ್ತಿದೆ. ವಾರಕ್ಕೊಮ್ಮೆ ಬಾಟಲಿ ಬಗ್ಗಿಸಿ ತುಂಬಿಸುತ್ತಾ ಹೋದರೆ ರೋಗ ಹಾಗೇ ಉಳಿಯುತ್ತದೆ. ಊರೊಳಗೆ ಓಡಾಡುವಾಗ ಗೊತ್ತೇ ಆಗದ ಈ ಸೋರಿಕೆ ಶಿರಾಡಿಯನ್ನೋ ಚಾರ್ಮಾಡಿಯನ್ನೋ ಪೂರ್ತಿ ಲೋಡಿನಲ್ಲಿ ಹತ್ತುವಾಗ ಬಾಯಿ ಬಿಡುತ್ತದೆ.

ಎಲ್ಲ ಕೆಲಸವೂ ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ. ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ನೋಡಿದರೆ ಎಲ್ಲಕ್ಕಿಂತ ಒಳ್ಳೆಯದು. ರೇಡಿಯೇಟರ್ ಮುಚ್ಚಳದ ಮೇಲೆ 0.9 ಅಥವಾ 1.1 ಎಂಬಂಥ ಸಂಖ್ಯೆ ಬರೆದಿರುತ್ತದೆ. ಅಷ್ಟು ಬಾರ್ ಒತ್ತಡವನ್ನು ಅದು ಒಳಗೆ ತಡೆದು ಹಿಡಿದಿರುತ್ತದೆ ಎಂದು ಅರ್ಥ. ಆ ಒತ್ತಡದಿಂದಾಗಿಯೇ ಕೂಲೆಂಟ್ 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಬಿಸಿಯಿರುವಾಗ ಮುಚ್ಚಳ ತಿರುಗಿಸಿದಿರೋ, ಒತ್ತಡ ಇಳಿದು ದ್ರವ ಅದೇ ಕ್ಷಣ ಕುದಿದು ಮುಖಕ್ಕೆ ಚಿಮ್ಮುತ್ತದೆ. ಇನ್ನೊಂದು ಮಾತು: ಕೆಲವು ಗಾಡಿಗಳಲ್ಲಿ ಕೀ ತೆಗೆದ ಮೇಲೂ ಫ್ಯಾನ್ ತಾನಾಗಿ ತಿರುಗುತ್ತದೆ. ಕೈ ಹಾಕುವ ಮುನ್ನ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಡಿ.

ಕಾರಿನಡಿ ಕಂಡ ನೀರೆಲ್ಲ ಕೂಲೆಂಟ್ ಅಲ್ಲ. ಎಸಿ ಹಾಕಿದ್ದರೆ ಎಡ ಸೀಟಿನ ಮುಂಭಾಗದ ಕೆಳಗೆ ನೀರು ಸುರಿಯುವುದು ಸಹಜ. ಬಿಳಿ ಟಿಶ್ಯೂವಿನಿಂದ ಒರೆಸಿ ನೋಡಿ. ಹಸಿರು, ಕೆಂಪು, ಗುಲಾಬಿ ಅಥವಾ ನೀಲಿ ಛಾಯೆ, ಬೆರಳಿಗೆ ಜಾರುವ ಅನುಭವ, ಸಿಹಿಯಾದ ವಾಸನೆ ಇದ್ದರೆ ಕೂಲೆಂಟ್. ಬಣ್ಣವಿಲ್ಲದೆ, ವಾಸನೆಯಿಲ್ಲದೆ ತೆಳ್ಳಗಿದ್ದರೆ ಎಸಿ ನೀರು.

ಹನಿ ಬಿದ್ದ ಜಾಗವೇ ಸೋರುವ ಜಾಗ ಎಂದುಕೊಂಡರೆ ದಾರಿ ತಪ್ಪುತ್ತೀರಿ. ಫ್ಯಾನಿನ ಗಾಳಿ, ಓಡುವಾಗಿನ ಗಾಳಿ ಎರಡೂ ಸೇರಿ ದ್ರವವನ್ನು ಹಿಂದಕ್ಕೆ ತಳ್ಳುತ್ತವೆ. ಮೇಲಿನ ಹೋಸಿನಿಂದ ಒಸರಿದ್ದು ಕೆಳಗಿನ ಫ್ರೇಮಿನ ಮೂಲೆಯಲ್ಲಿ ತೊಟ್ಟಿಕ್ಕಬಹುದು. ಆದ್ದರಿಂದ ಒದ್ದೆಯ ಗುರುತನ್ನು ಹಿಡಿದು ಮೇಲಕ್ಕೆ ಹೋಗಿ, ಎಲ್ಲಕ್ಕಿಂತ ಎತ್ತರದಲ್ಲಿರುವ ಒದ್ದೆ ಜಾಗ ಹುಡುಕಿ. ಒಣಗಿದ್ದರೂ ಸಾಕ್ಷಿ ಉಳಿದಿರುತ್ತದೆ: ಕೂಲೆಂಟ್ ಆರಿದ ಕಡೆ ಬಿಳಿಯ ಅಥವಾ ತೆಳು ಬಣ್ಣದ, ಉಪ್ಪು ಕಟ್ಟಿದಂಥ ಪದರ ಇರುತ್ತದೆ. ಟಾರ್ಚ್ ಹಿಡಿದು ಹೋಸ್ ಕ್ಲಿಪ್ಪುಗಳ ಅಡಿಭಾಗವನ್ನೂ ನೋಡಿ, ಮೇಲಿಂದ ಅದು ಕಾಣುವುದಿಲ್ಲ.

ಮೊದಲು ನೋಡಬೇಕಾದ್ದು ಮುಚ್ಚಳದ ರಬ್ಬರ್ ವಾಷರ್. ಗಟ್ಟಿಯಾಗಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಮುಚ್ಚಳವನ್ನೇ ಬದಲಿಸಿ, ಅದೇ ಬಾರ್ ಸಂಖ್ಯೆ ಇರುವುದನ್ನೇ ತನ್ನಿ. ಎಂಜಿನ್ ತಣಿದಾಗ ಮೇಲಿನ ಹೋಸ್ ಚಪ್ಪಟೆಯಾಗಿ ಒಳಕ್ಕೆ ಹೀರಿಕೊಂಡಿದ್ದರೆ ಮುಚ್ಚಳದ ಸಣ್ಣ ವಾಲ್ವ್ ಅಂಟಿಕೊಂಡಿದೆ. ಆಮೇಲೆ ಮೇಲಿನ, ಕೆಳಗಿನ ಮತ್ತು ಹೀಟರ್ ಹೋಸುಗಳ ತುದಿಗಳು, ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ತೆರೆದು ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಕೂತಿರುವ ಜಾಗದ ಗ್ಯಾಸ್ಕೆಟ್, ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಅಲ್ಯೂಮಿನಿಯಂ ಜಾಲಿಗೆ ಸೇರುವ ಅಂಚು. ವಾಟರ್ ಪಂಪಿನ ಶಾಫ್ಟ್ ಕೆಳಗೆ ಒಂದು ಸಣ್ಣ ತೂತು ಇರುತ್ತದೆ. ಅದನ್ನು ಬೇಕೆಂದೇ ಬಿಟ್ಟಿರುತ್ತಾರೆ, ಒಳಗಿನ ಸೀಲ್ ಸವೆದರೆ ಅಲ್ಲಿಂದ ಒಸರಿ ಸುದ್ದಿ ಕೊಡಲಿ ಎಂದು. ಅದನ್ನು ಮುಚ್ಚಲು ಹೋಗಬೇಡಿ, ಪಂಪ್ ಬದಲಿಸಿ. ಹೊರಗೆಲ್ಲೂ ಏನೂ ಕಾಣದೆ ಮುಂದಿನ ಕಾರ್ಪೆಟ್ ಒದ್ದೆಯಾಗಿ, ಗಾಜಿನ ಒಳಗೆ ಜಿಡ್ಡಿನ ಮಂಜು ಕೂರುತ್ತಿದ್ದರೆ ಹೀಟರ್ ಕಾಯಿಲ್ ಸೋರುತ್ತಿದೆ. ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗಬಹುದು, ಗ್ಯಾರೇಜಿಗೆ ಬಿಡಿ.

ಕಣ್ಣಿಗೆ ಸಿಗದಿದ್ದರೆ ಪ್ರೆಶರ್ ಟೆಸ್ಟರ್ ಬೇಕು. ಸೈಕಲ್ ಪಂಪಿನ ಹಾಗೆ ಕೈಯಿಂದ ಒತ್ತುವ, ಮೀಟರ್ ಇರುವ ಸಾಧನ ಅದು. ತಣ್ಣಗಿನ ರೇಡಿಯೇಟರ್ ಬಾಯಿಗೆ ಕೂರಿಸಿ, ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು ಹದಿನೈದು ನಿಮಿಷ ಬಿಡಿ. ಹೆಚ್ಚು ಕೊಟ್ಟರೆ ಚೆನ್ನಾಗಿರುವ ಪ್ಲಾಸ್ಟಿಕ್ ಟ್ಯಾಂಕೂ ಸೀಳಬಹುದು. ಮುಳ್ಳು ನಿಂತಲ್ಲೇ ನಿಂತರೆ ಮುಚ್ಚಳವನ್ನು ಬೇರೆಯಾಗಿ ಪರೀಕ್ಷಿಸಿ. ಇಳಿದರೆ ಹನಿ ಎಲ್ಲಿಂದ ಬರುತ್ತಿದೆ ನೋಡಿ. ಮುಳ್ಳು ಇಳಿಯುತ್ತಿದ್ದೂ ಹೊರಗೆ ಒಂದು ಹನಿಯೂ ಇಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲ್) ಮೇಲೆ ಅನುಮಾನ ಬರಬೇಕು. ಬಿಸಿಯಾದ ಮೇಲೂ ನಿಲ್ಲದ, ಸಿಹಿ ವಾಸನೆಯ ಬಿಳಿ ಹೊಗೆ, ಡಿಪ್‌ಸ್ಟಿಕ್ಕಿನಲ್ಲಿ ಹಾಲು ಕಲಸಿದಂಥ ಆಯಿಲ್, ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಕಲ್ಲಿನಂತಾಗುವ ಹೋಸ್ ಅದರ ಇತರ ಲಕ್ಷಣಗಳು. ಅಲ್ಲಿಗೆ ಇದು ಮನೆಯ ಕೆಲಸ ಅಲ್ಲ, ಗಾಡಿ ಓಡಿಸಲೂಬೇಡಿ.

ಹೋಸ್ ತುದಿಯ ಸೋರಿಕೆ ಸರಿಪಡಿಸುವುದು

ಬೆಳಿಗ್ಗೆ ತಣ್ಣಗಿರುವಾಗ ಒಸರಿ, ಬಿಸಿಯಾದ ಮೇಲೆ ನಿಲ್ಲುವ ಸೋರಿಕೆ ಹೆಚ್ಚಾಗಿ ಕ್ಲಿಪ್ಪಿನದು. ಸ್ಕ್ರೂ ಕ್ಲಿಪ್ ಆದರೆ ಸ್ಕ್ರೂಡ್ರೈವರಿನಿಂದ ಅರ್ಧ ಸುತ್ತು ಬಿಗಿ ಮಾಡಿ ನೋಡಿ. ಹೋಸಿನ ರಬ್ಬರು ಕ್ಲಿಪ್ಪಿನ ಸೀಳುಗಳೊಳಗೆ ಉಬ್ಬಿ ಬರುವಷ್ಟು ಬಿಗಿದರೆ ಹೋಸ್ ಕತ್ತರಿಸುತ್ತದೆ, ಅಡಿಯ ಪ್ಲಾಸ್ಟಿಕ್ ಕೊಳವೆಯೂ ಬಿರುಕು ಬಿಡುತ್ತದೆ. ಕಂಪನಿಯಿಂದ ಬಂದ ಸ್ಪ್ರಿಂಗ್ ಕ್ಲಿಪ್ ಬಿಗುವು ಕಳೆದುಕೊಳ್ಳದಿದ್ದರೆ ಅದನ್ನೇ ಉಳಿಸಿಕೊಳ್ಳಿ. ಬಿಸಿಗೆ ಹಿಗ್ಗಿ ತಣಿದು ಕುಗ್ಗುವ ಹೋಸಿನ ಜೊತೆ ಅದೂ ಹೊಂದಿಕೊಳ್ಳುತ್ತದೆ, ಸ್ಕ್ರೂ ಕ್ಲಿಪ್ ಹಾಗೆ ಮಾಡುವುದಿಲ್ಲ.

ಹೋಸ್ ಬದಲಿಸಬೇಕೆಂದರೆ ಕೆಳಗೆ ಸ್ವಚ್ಛವಾದ ಬೇಸಿನ್ ಇಟ್ಟು ಕೂಲೆಂಟ್ ಇಳಿಸಿಕೊಳ್ಳಿ. ಸ್ವಚ್ಛವಾಗಿದ್ದರೆ, ಹಳೆಯದಲ್ಲದಿದ್ದರೆ ಬಟ್ಟೆಯಲ್ಲಿ ಸೋಸಿ ಮತ್ತೆ ಬಳಸಬಹುದು. ಅಂಟಿಕೊಂಡ ಹೋಸನ್ನು ಸ್ಕ್ರೂಡ್ರೈವರಿನಿಂದ ಮೀಟಬೇಡಿ, ಕೊಳವೆ ಮುರಿದರೆ ರೇಡಿಯೇಟರೇ ಹೋಯಿತು. ತಿರುಚಿ ಬಿಡಿಸಿ, ಆಗದಿದ್ದರೆ ಹೇಗೂ ಎಸೆಯುವ ಹೋಸ್, ಉದ್ದಕ್ಕೆ ಸೀಳಿ. ಕೊಳವೆ ಲೋಹದ್ದಾದರೆ ಮೇಲಿನ ಬಿಳಿ ಪದರವನ್ನು 400 ನಂಬರಿನ ಉಪ್ಪುಕಾಗದದಿಂದ ಉಜ್ಜಿ ತೆಗೆಯಿರಿ, ಪ್ಲಾಸ್ಟಿಕ್ ಆದರೆ ಬಟ್ಟೆಯಿಂದ ಒರೆಸಿದರೆ ಸಾಕು. ಎಷ್ಟೋ ಹೊಸ ಹೋಸುಗಳು ಈ ಪದರದ ದೆಸೆಯಿಂದಲೇ ಮತ್ತೆ ಸೋರುತ್ತವೆ. ಹೋಸಿನೊಳಗೆ ಗ್ರೀಸ್, ಆಯಿಲ್ ಹಚ್ಚಬೇಡಿ, ರಬ್ಬರ್ ಊದಿಕೊಳ್ಳುತ್ತದೆ. ತುಸು ಕೂಲೆಂಟ್ ಸವರಿದರೆ ಜಾರಿಕೊಂಡು ಹೋಗುತ್ತದೆ. ಕೊಳವೆಯ ತುದಿಯ ಉಬ್ಬನ್ನು ದಾಟಿ ಹೋಸ್ ಕೂರಬೇಕು, ಕ್ಲಿಪ್ ಆ ಉಬ್ಬಿನ ಹಿಂದೆ, ಹೋಸ್ ಅಂಚಿನಿಂದ ನಾಲ್ಕೈದು ಮಿಲಿಮೀಟರ್ ಒಳಗೆ ಇರಬೇಕು. ಉಬ್ಬಿನ ಮೇಲೆಯೇ ಕೂತ ಕ್ಲಿಪ್ ಇವತ್ತಲ್ಲ ನಾಳೆ ಜಾರುತ್ತದೆ.

ತುಂಬಿಸುವಾಗ

ಕಾನ್ಸಂಟ್ರೇಟ್ ಆದರೆ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿ. ರೆಡಿ ಮಿಕ್ಸ್ ಎಂದು ಬರೆದಿದ್ದರೆ ಒಂದು ತೊಟ್ಟೂ ನೀರು ಬೇಡ. ಬೋರ್‌ವೆಲ್ ನೀರು ಹಾಕಿದರೆ ಟೀ ಕಾಯಿಸುವ ಪಾತ್ರೆಗೆ ಹಿಡಿಯುವ ಕರೆಯೇ ರೇಡಿಯೇಟರಿನ ಸಣ್ಣ ದಾರಿಗಳಿಗೂ ಹಿಡಿಯುತ್ತದೆ. ಬಣ್ಣ ನೋಡಿ ಕೊಳ್ಳಬೇಡಿ, ಬಣ್ಣಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ನಿಯಮವಿಲ್ಲ. ಗಾಡಿಯ ಕೈಪಿಡಿ ಹೇಳಿದ ಬಗೆಯದ್ದನ್ನೇ ತನ್ನಿ.

ಒಳಗೆ ಗಾಳಿ ಉಳಿದರೆ ಸೋರಿಕೆ ನಿಂತರೂ ಎಂಜಿನ್ ಬಿಸಿಯಾಗುತ್ತದೆ. ಬ್ಯಾಟರಿ ತಂತಿ ಮತ್ತೆ ಜೋಡಿಸಿ, ಹೀಟರ್ ಪೂರ್ತಿ ಬಿಸಿಗೆ ಇಡಿ. ರೇಡಿಯೇಟರಿಗೆ ಬಾಯಿ ತನಕ ನಿಧಾನವಾಗಿ ಸುರಿದು, ಮೇಲಿನ ಹೋಸನ್ನು ಹಿಸುಕುತ್ತಾ ಗುಳ್ಳೆ ಬಿಡಿಸಿ. ಮುಚ್ಚಳ ತೆರೆದೇ ಎಂಜಿನ್ ಐಡಲ್‌ನಲ್ಲಿ ಓಡಲಿ, ಮಟ್ಟ ಇಳಿದಂತೆ ತುಂಬಿಸಿ. ಥರ್ಮೋಸ್ಟಾಟ್ ತೆರೆದು ರೇಡಿಯೇಟರ್ ಬಿಸಿಯಾಗತೊಡಗುತ್ತಲೇ, ದ್ರವ ಉಕ್ಕಿ ಬರುವ ಮುನ್ನವೇ ಮುಚ್ಚಳ ಹಾಕಿ, ಫ್ಯಾನ್ ಎರಡು ಸಲ ಬಂದು ನಿಲ್ಲುವವರೆಗೆ ಬಿಡಿ. ಕೆಲವು ಗಾಡಿಗಳಲ್ಲಿ ಗಾಳಿ ಬಿಡಲು ಪ್ರತ್ಯೇಕ ಸ್ಕ್ರೂ ಇರುತ್ತದೆ, ಇದ್ದರೆ ಅದನ್ನೇ ಬಳಸಿ. ಮರುದಿನ ಬೆಳಿಗ್ಗೆ ಮಟ್ಟ ತುಸು ಇಳಿದಿರುತ್ತದೆ, ತುಂಬಿಸಿ. ಆಮೇಲೂ ಒಂದು ವಾರ ದಿನಾ ನೋಡಿ.

ನೆಲಕ್ಕೆ ಚೆಲ್ಲಿದ್ದನ್ನು ಕೂಡಲೇ ತೊಳೆದು ಒರೆಸಿ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುವುದರಿಂದ ನಾಯಿ, ಬೆಕ್ಕು ನೆಕ್ಕುತ್ತವೆ. ಸ್ವಲ್ಪವೇ ಸಾಕು, ಕಿಡ್ನಿ ಹೋಗಿ ಸಾಯುತ್ತವೆ.

ಲಾರಿಯವರ ಹಳೆಯ ಅರಿಶಿನ ಪುಡಿ ಉಪಾಯ, ಅಂಗಡಿಯ ಸ್ಟಾಪ್ ಲೀಕ್ ಎರಡೂ ಮಾಡುವುದು ಒಂದೇ: ತೂತಿನಲ್ಲಿ ಪುಡಿ ಸಿಕ್ಕಿಕೊಂಡು ತಡೆಯುತ್ತದೆ. ಹಳೆಯ ದಪ್ಪ ತಾಮ್ರದ ರೇಡಿಯೇಟರಿಗೆ ನಡೆದೀತು. ಈಗಿನ ಕಾರಿನ ಸಣ್ಣ ಅಲ್ಯೂಮಿನಿಯಂ ಕೊಳವೆ, ಹೀಟರ್ ಕಾಯಿಲ್‌ಗಳಲ್ಲಿ ಅದೇ ಪುಡಿ ಕಟ್ಟಿಕೊಳ್ಳುತ್ತದೆ. ಎಂ-ಸೀಲ್ ಮೆತ್ತಿದ ಪ್ಲಾಸ್ಟಿಕ್ ಟ್ಯಾಂಕ್ ಊರು ಸೇರಿಸಬಹುದು, ಅದಕ್ಕಿಂತ ಹೆಚ್ಚು ನಂಬಬೇಡಿ.

ದಾರಿ ಮಧ್ಯೆ ಸೋರಿಕೆ ಜಾಸ್ತಿಯಾದರೆ ಎಸಿ ಆರಿಸಿ, ಹೀಟರ್ ಹಾಕಿ, ನಿಲ್ಲಿಸಲು ಜಾಗ ಸಿಕ್ಕಿದ ಕೂಡಲೇ ನಿಲ್ಲಿಸಿ. ತಣಿದ ಮೇಲೆ ಕುಡಿಯುವ ನೀರು ತುಂಬಿಸಿ ಹತ್ತಿರದ ಗ್ಯಾರೇಜಿನವರೆಗೆ ಹೋಗಬಹುದು, ಊರಿಗೆ ಬಂದ ಮೇಲೆ ಪೂರ್ತಿ ಬದಲಿಸಬೇಕು. ಟೆಂಪರೇಚರ್ ಮುಳ್ಳನ್ನೊಂದೇ ನಂಬಿ ಕೂರಬೇಡಿ: ಕೂಲೆಂಟ್ ಪೂರ್ತಿ ಖಾಲಿಯಾದರೆ ಸೆನ್ಸರ್ ಬರೀ ಗಾಳಿಯಲ್ಲಿ ನಿಂತು, ಎಂಜಿನ್ ಬೇಯುತ್ತಿರುವಾಗಲೇ ಮುಳ್ಳು ಕೆಳಗಿಳಿದು ತೋರಿಸಬಹುದು. ಇದ್ದಕ್ಕಿದ್ದಂತೆ ಹೀಟರಿನಿಂದ ತಣ್ಣನೆ ಗಾಳಿ ಬಂದರೆ ಎಂಜಿನ್ ಆಫ್ ಮಾಡಿ.