ಬ್ಯಾಟು ಅಟ್ಟಕ್ಕೆ ಹಾಕುವ ಮುಂಚೆ: ಅಮೆರಿಕಕ್ಕೆ ಹೊರಟ ಅಪ್ಪ-ಅಮ್ಮಂದಿರಿಗೆ

ನಮ್ಮ ಮೈಸೂರಿನಲ್ಲಿ ಹುಡುಗ ಒಂಬತ್ತನೇ ಕ್ಲಾಸು ಮುಟ್ಟಿದ ಅಂದರೆ ಬ್ಯಾಟು ಅಟ್ಟ ಸೇರುತ್ತದೆ, ಟ್ಯೂಷನ್ ಬ್ಯಾಗು ಹೆಗಲೇರುತ್ತದೆ. ಅಮೆರಿಕದಲ್ಲಿ ಲೆಕ್ಕ ಉಲ್ಟಾ. ಅಲ್ಲಿ ಹೈಸ್ಕೂಲು ಅಂದರೆ ಒಂಬತ್ತರಿಂದ ಹನ್ನೆರಡು, ಶಾಲೆಯ ಟೀಮಿನ ಆಟ ಕಾವೇರುವುದೇ ಆಗ. ಈ ಸಲ ರಜಕ್ಕೆ ಕುವೆಂಪುನಗರದ ಮನೆಗೆ ಬಂದಾಗ, ಕಂಪನಿ ಟ್ರಾನ್ಸ್‌ಫರ್ ಮೇಲೆ ಅಲ್ಲಿಗೆ ಹೊರಟಿರುವ ಪಕ್ಕದ ಮನೆಯವರು ಮ್ಯಾಥ್ಸ್ ಲೆವೆಲ್ಲು, ಕಾಲೇಜು ಸೇರಲು ಬರೆಯುವ ಎಸ್‌ಎಟಿ ಪರೀಕ್ಷೆಯ ಕೋಚಿಂಗು ಎಲ್ಲ ಕೇಳಿದರು. ಆಟದ ಫಾರಂ ಬಗ್ಗೆ ಕೇಳಲಿಲ್ಲ. ನಾನೂ ಹೋಗುವಾಗ ಕೇಳಿರಲಿಲ್ಲ.

ಅಲ್ಲಿ ಆಟಕ್ಕೆ ವರ್ಷಕ್ಕೆ ಮೂರು ಸೀಸನ್: ಫಾಲ್ (ಅಂದರೆ ಶರತ್ಕಾಲ), ವಿಂಟರ್, ಸ್ಪ್ರಿಂಗ್. ಫಾಲ್ ಆಟಗಳ ಪ್ರಾಕ್ಟೀಸು ಬಹಳ ಕಡೆ ಶಾಲೆ ತೆರೆಯುವ ಮುಂಚೆಯೇ, ಆಗಸ್ಟಿನಲ್ಲೇ ಶುರು. ನಾವು ಆಷಾಢ ಕಳೆಯಲಿ ಅಂತ ಕಾದು ವಿಮಾನ ಹತ್ತಿದವರು. ಇಳಿಯುವಷ್ಟರಲ್ಲಿ ವಾಲಿಬಾಲ್ ಟೀಮಿಗೆ ಆರಿಸುವ ಟ್ರೈಔಟು ಮುಗಿದಿತ್ತು. ಮಗಳು ಆಮೇಲೆ ಸೇರಿದ್ದು ಕ್ರಾಸ್ ಕಂಟ್ರಿಗೆ, ಅಂದರೆ ಹುಲ್ಲು, ಮಣ್ಣಿನ ದಾರಿಯ ದೂರದ ಓಟಕ್ಕೆ. ಬಹಳ ಶಾಲೆಗಳಲ್ಲಿ ಅದಕ್ಕೆ ಬಂದವರನ್ನು ವಾಪಸ್ ಕಳಿಸುವುದಿಲ್ಲ. ಹೊಸದಾಗಿ ಹೋಗುವ ಮಕ್ಕಳಿಗೆ ಅದೇ ಒಳ್ಳೆಯ ಬಾಗಿಲು ಅಂತ ನನ್ನ ಎಣಿಕೆ.

ಇದೆಲ್ಲ ಯಾಕೆ ಅಂದರೆ ನಮ್ಮ ಗರಡಿ ಮನೆ ನೆನೆಸಿಕೊಳ್ಳಿ. ಮಟ್ಟಿ ಮುಟ್ಟಿದ ಹುಡುಗ ಬೀಡಿ ಸೇದಿದರೆ ಉಸ್ತಾದರ ಮೂಗಿಗೆ ಗೊತ್ತಾಗುತ್ತಿತ್ತು. ಅಲ್ಲಿ ಆ ಮೂಗು ಕೋಚಿನದು. ಎಷ್ಟೋ ಶಾಲೆಗಳು ಸೀಸನ್ನಿಗೆ ಮುಂಚೆ ಮಗು ಮತ್ತು ಹೆತ್ತವರಿಂದ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತವೆ: ಸಿಗರೇಟು, ವೇಪ್ (ಇ-ಸಿಗರೇಟು), ಮದ್ಯ ಸಿಕ್ಕಿಬಿದ್ದರೆ ಪಂದ್ಯ ಇಲ್ಲ. ಓದೂ ಇದಕ್ಕೇ ಗಂಟು ಬಿದ್ದಿದೆ. ಟೆಕ್ಸಾಸ್‌ನಲ್ಲಂತೂ ಪಾಸಾಗದವನಿಗೆ ಆಟವಿಲ್ಲ ಎಂಬ ಕಾನೂನು 1984ರಿಂದಲೂ ಇದೆ. ಟೀಮಿನಲ್ಲಿರುವ ಮಕ್ಕಳು ಕಡಿಮೆ ಸೇದುತ್ತಾರೆ, ಹಣ್ಣು ತರಕಾರಿ ಹೆಚ್ಚು ತಿನ್ನುತ್ತಾರೆ ಎಂದು ಅಲ್ಲಿನ ಅಧ್ಯಯನಗಳು ಮತ್ತೆ ಮತ್ತೆ ಹೇಳಿವೆ. ಆಟ ಮಕ್ಕಳನ್ನು ತಿದ್ದಿತೋ, ಮೊದಲೇ ಶಿಸ್ತಿದ್ದವರು ಆಟಕ್ಕೆ ಬಂದರೋ, ಅದನ್ನು ಬಿಡಿಸಿ ಹೇಳುವುದು ಕಷ್ಟ.

ಆದರೆ ಕುಡಿತದ ವಿಷಯದಲ್ಲಿ ಮಾತ್ರ ಆಟವನ್ನು ನಂಬಿ ಕೂರಬೇಡಿ. ಆಟಗಾರ ಮಕ್ಕಳು ಉಳಿದವರಿಗಿಂತ ಹೆಚ್ಚೇ ಕುಡಿಯುತ್ತಾರೆ ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಗೆದ್ದ ರಾತ್ರಿಯ ಪಾರ್ಟಿ ಯಾರ ಮನೆಯಲ್ಲಿ, ದೊಡ್ಡವರು ಇರುತ್ತಾರಾ, ಕೇಳಿ. ಮಗ ಮುಖ ಗಂಟಿಕ್ಕಿಕೊಂಡರೆ ಇಕ್ಕಿಕೊಳ್ಳಲಿ. ಬೇಸ್‌ಬಾಲ್ ಹುಡುಗರಲ್ಲಿ ಅಗಿಯುವ ಹೊಗೆಸೊಪ್ಪಿನ ಚಟವೂ ಹಳೆಯದು. ಗುಟ್ಕಾ ನೋಡಿದ ನಮಗೆ ಅದನ್ನು ವಿವರಿಸಬೇಕಿಲ್ಲ.

ಊಟ, ನಿದ್ದೆ ಮನೆಯ ಕೆಲಸ. ಮಗಳ ಬ್ಯಾಗಿನಲ್ಲಿ ಒಂದು ದಿನ ಒದ್ದೆ ಕಾಲುಚೀಲದ ಕೆಳಗೆ ಎನರ್ಜಿ ಡ್ರಿಂಕಿನ ಮೂರು ಖಾಲಿ ಡಬ್ಬಿ ಸಿಕ್ಕವು. ಮಕ್ಕಳಿಗೆ ಅದು ಬೇಡವೇ ಬೇಡ ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘ 2011ರಲ್ಲೇ ಹೇಳಿದೆ. ಹದಿಹರೆಯಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಅವಳು ಮಲಗುತ್ತಿದ್ದದ್ದು ಆರು. ಸಂಜೆ ಬಂದ ತಕ್ಷಣ ಚಿತ್ರಾನ್ನವೋ ರೊಟ್ಟಿಯೋ ಕೊಟ್ಟು, ಹೋಂವರ್ಕು ಬೇಗ ಮುಗಿಸುವಂತೆ ಮಾಡಿದ ಮೇಲೆ ಡಬ್ಬಿ ನಿಂತಿತು. ಸಸ್ಯಾಹಾರಿ ಹೆಣ್ಣುಮಕ್ಕಳು ಓಡುತ್ತಿದ್ದರೆ ಕಬ್ಬಿಣದ ಅಂಶ ಒಮ್ಮೆ ಪರೀಕ್ಷೆ ಮಾಡಿಸಿ.

ಇನ್ನು ಆ ಫಾರಂ. ಡಾಕ್ಟರ ಸಹಿಯಿಲ್ಲದೆ ಮೈದಾನಕ್ಕೆ ಬಿಡುವುದಿಲ್ಲ. ಅದರಲ್ಲಿ ಒಂದು ಪ್ರಶ್ನೆ: ಕುಟುಂಬದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯದ ತೊಂದರೆಯಿಂದ ಹಠಾತ್ತನೆ ತೀರಿಕೊಂಡಿದ್ದಾರಾ? ನಮ್ಮವರು ಅಪಶಕುನ ಅಂತ ‘ಇಲ್ಲ’ಕ್ಕೆ ಗುರುತು ಹಾಕಿ ಮುಂದೆ ಹೋಗುತ್ತಾರೆ. ಇದನ್ನು ಹೇಳುತ್ತಿದ್ದಾಗ ಪಕ್ಕದ ಮನೆಯವರು ಕಾಫಿ ಲೋಟ ಕೆಳಗಿಟ್ಟರು. ಫೋನು ತೆಗೆದು ಮಂಡ್ಯದ ಅಣ್ಣನಿಗೆ ಹಚ್ಚಿದರು: “ಚಿಕ್ಕಪ್ಪ ಗದ್ದೆಲಿ ಬಿದ್ದೋದ್ರಲ್ಲ, ಆಗ ಅವರಿಗೆ ಎಷ್ಟು ವಯಸ್ಸು?”