ಕೋವಿ, ತೋಟೆ, ವಿಮಾನ: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

ಟೆಕ್ಸಸ್‌ನಲ್ಲಿ ಕೆಲಸಕ್ಕೆ ಸೇರಿದ ಸ್ವಲ್ಪ ದಿನಕ್ಕೇ ಆಫೀಸಿನವರು ಯಾರಾದರೂ ಶನಿವಾರ ಶೂಟಿಂಗ್ ರೇಂಜಿಗೆ ಕರೆಯುತ್ತಾರೆ. ಕೊಡಗಿನವರಿಗೆ, ಮಲೆನಾಡಿನವರಿಗೆ ಕೋವಿ ಹೊಸದೇನಲ್ಲ. ಉಳಿದವರಿಗೂ ಕುತೂಹಲ ಇದ್ದೇ ಇರುತ್ತದೆ. ಕೆಲವರು ಮುಂದೆ ಸ್ವಂತ ಕೋವಿ ಕೊಳ್ಳುತ್ತಾರೆ. ಅಕ್ಟೋಬರ್ ಬಂದರೆ ಸೌತ್ ಡಕೋಟಾಗೆ ಫೆಸೆಂಟ್ ಹಕ್ಕಿ ಬೇಟೆಗೆ ಹೊರಡುತ್ತಾರೆ. ಆಗ ನಮ್ಮಂಥ ಹಳಬರನ್ನು ಕೇಳುತ್ತಾರೆ, ಕೋವಿಯನ್ನು ವಿಮಾನದಲ್ಲಿ ಹೇಗೆ ಒಯ್ಯೋದು ಅಂತ. ಅದೇನೂ ಕಷ್ಟದ ಕೆಲಸ ಅಲ್ಲ. ಅದಕ್ಕೂ ಮೊದಲು ನಾನು ಕೇಳುವುದು ನಿಮ್ಮ ವೀಸಾ ಯಾವುದು ಅಂತ. ಕೊನೆಗೆ ಕೇಳುವುದು, ಊರಿಗೆ ಒಯ್ಯುವ ಸೂಟ್‌ಕೇಸ್ ಯಾವುದು ಅಂತ.

ವೀಸಾ ವಿಚಾರ ಮೊದಲು. ಎಚ್-1ಬಿ, ಎಲ್-1, ಎಫ್-1, ಎಚ್-4 ಇವೆಲ್ಲ ವಲಸೆಯಲ್ಲದ ವೀಸಾಗಳು. ಇವುಗಳ ಮೇಲೆ ಬಂದವರು ಕೋವಿಯನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದು ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಟೆಕ್ಸಸ್‌ನಲ್ಲಿ ಎಲ್ಲರ ಮನೆಯಲ್ಲೂ ಇದೆಯಲ್ಲ ಅಂದರೆ ಆಗದು. 2022ರಲ್ಲಿ ಈ ಅಪರಾಧದ ಗರಿಷ್ಠ ಶಿಕ್ಷೆಯನ್ನು 10 ವರ್ಷದಿಂದ 15ಕ್ಕೆ ಏರಿಸಿದರು. ಸಾಲದ್ದಕ್ಕೆ ಗಡೀಪಾರಿನ ಭಯ ಬೇರೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿರ್ಬಂಧ ಇಲ್ಲ.

ಇದಕ್ಕೆ ಕೆಲವು ವಿನಾಯಿತಿಗಳಿವೆ. ನಮ್ಮವರು ಹೆಚ್ಚಾಗಿ ಬಳಸುವುದು ಒಂದನ್ನೇ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ನಿಮ್ಮ ಹತ್ತಿರ ಇರಬೇಕು. ರೇಂಜಿನಲ್ಲಿ ಬಾಡಿಗೆ ಪಿಸ್ತೂಲು ಕೇಳಿದಾಗ ಕೌಂಟರಿನವರು ಪಾಸ್‌ಪೋರ್ಟ್ ನೋಡಿ "ಹಂಟಿಂಗ್ ಲೈಸೆನ್ಸ್ ಇದೆಯಾ" ಅಂತ ಕೇಳುವುದು ಇದಕ್ಕೇ. ಎಲ್ಲರೂ ಕೇಳುವುದಿಲ್ಲ. ಕೇಳಲಿಲ್ಲ ಅಂದ ಮಾತ್ರಕ್ಕೆ ಕಾನೂನು ಬದಲಾಗುವುದಿಲ್ಲ ಅಲ್ವಾ? ಟೆಕ್ಸಸ್‌ನಲ್ಲಿ ಈ ಲೈಸೆನ್ಸ್ ಆನ್‌ಲೈನ್‌ನಲ್ಲೇ ಸಿಗುತ್ತದೆ. 1971ರ ಸೆಪ್ಟೆಂಬರ್ 2 ಅಥವಾ ಅದರ ನಂತರ ಹುಟ್ಟಿದವರು ಬೇಟೆಗೆ ಇಳಿಯಬೇಕಾದರೆ ಹಂಟರ್ ಎಜುಕೇಶನ್ ಅನ್ನುವ ಕೋರ್ಸ್ ಮಾಡಿರಬೇಕು. ಸುಮ್ನೆ ಕಾಟಾಚಾರದ ಕೋರ್ಸಲ್ಲ, ಕೋವಿ ಹಿಡಿಯುವ ರೀತಿ ಚೆನ್ನಾಗಿ ಕಲಿಸುತ್ತಾರೆ.

ಹೆಚ್ಚಿನವರು ಎಡವುವುದು ತಾರೀಕಿನಲ್ಲಿ. ಟೆಕ್ಸಸ್‌ನ ವಾರ್ಷಿಕ ಲೈಸೆನ್ಸ್ ನೀವು ಯಾವಾಗ ಕೊಂಡರೂ ಸಾಮಾನ್ಯವಾಗಿ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಜೂನ್‌ನಲ್ಲಿ ಕೊಂಡರೆ ಮೂರು ತಿಂಗಳೂ ಬರುವುದಿಲ್ಲ. ಎಚ್-1ಬಿಯಲ್ಲಿ ಇರುವವರು ಹೊಸದನ್ನು ಮಾಡಿಸದೆ ಬಿಟ್ಟರೆ, ನಿನ್ನೆವರೆಗೆ ಕಪಾಟಿನಲ್ಲಿ ಸಕ್ರಮವಾಗಿ ಇದ್ದ ಕೋವಿ ಸೆಪ್ಟೆಂಬರ್ 1ರ ಬೆಳಿಗ್ಗೆ ಅಕ್ರಮ. ಫೋನಿನಲ್ಲಿ ರಿಮೈಂಡರ್ ಹಾಕಿ. ಗ್ರೀನ್ ಕಾರ್ಡ್ ಅರ್ಜಿ ನಡೀತಾ ಇರುವವರಿಗೆ ನನ್ನ ಸಲಹೆ ಇನ್ನೂ ಕಟ್ಟುನಿಟ್ಟು: ಕಾರ್ಡ್ ಕೈಗೆ ಬರುವವರೆಗೂ ಸ್ವಂತ ಕೋವಿ ಬೇಡ. ಬೇಕೇ ಬೇಕು ಅನ್ನುವವರು ಮೊದಲು ವಲಸೆ ವಕೀಲರನ್ನು ಕೇಳಿ.

ಇನ್ನು ವಿಮಾನ. ಕೋವಿ, ಗುಂಡು, ಗುಂಡು ತುಂಬುವ ಮ್ಯಾಗಜೀನ್, ಕೋವಿಯ ಬೋಲ್ಟ್, ಯಾವುದನ್ನೂ ಕೈಚೀಲದಲ್ಲಿ ಒಯ್ಯುವಂತಿಲ್ಲ. ಎಲ್ಲ ಚೆಕ್-ಇನ್ ಲಗೇಜಿಗೇ ಹೋಗಬೇಕು. ಕೋವಿಯಲ್ಲಿ ಗುಂಡು ಇರಬಾರದು. ಗಟ್ಟಿ ಕವಚದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿರಬೇಕು. ಬೀಗ ಹಾಕಿದ ಮೇಲೆ ಮೂಲೆಯನ್ನು ಹಿಡಿದು ಎಳೆದು ನೋಡಿ. ಬೆರಳು ಒಳಗೆ ಹೋಗುವಷ್ಟು ಸಂದಿ ಬಿಟ್ಟರೆ ಆ ಪೆಟ್ಟಿಗೆ ನಡೆಯುವುದಿಲ್ಲ. ಪಿಸ್ತೂಲಿನ ಜೊತೆ ಅಂಗಡಿಯಲ್ಲೇ ಕೊಡುವ ಪ್ಲಾಸ್ಟಿಕ್ ಡಬ್ಬಿ ಎಷ್ಟೋ ಸಲ ಇಲ್ಲೇ ಫೇಲಾಗುತ್ತದೆ. ಬೀಗದ ಕೈ ನಿಮ್ಮ ಜೇಬಿನಲ್ಲೇ ಇರಬೇಕು. ಸಿಬ್ಬಂದಿ ತೆರೆಯಲು ಕೇಳಿದರೆ ಕೊಟ್ಟು, ಮತ್ತೆ ಇಸಕೊಳ್ಳಿ.

ಗುಂಡುಗಳನ್ನು ಸುಮ್ನೆ ಚೀಲಕ್ಕೆ ಸುರಿಯುವಂತಿಲ್ಲ. ಅಂಗಡಿಯ ರಟ್ಟಿನ ಡಬ್ಬಿ ಆಗಬಹುದು. ಗುಂಡಿಗೆಂದೇ ಮಾಡಿದ ಪ್ಲಾಸ್ಟಿಕ್, ಮರ ಅಥವಾ ಲೋಹದ ಡಬ್ಬಿಯೂ ಆಗಬಹುದು. ತೂಕದ ಮಿತಿ ಬಹುತೇಕ ಏರ್‌ಲೈನ್‌ಗಳಲ್ಲಿ ಒಬ್ಬರಿಗೆ 11 ಪೌಂಡ್, ಅಂದರೆ 5 ಕಿಲೊ. ಕೇಳಲು ಜಾಸ್ತಿ ಅನಿಸುತ್ತದೆ. ಆದರೆ ಹಕ್ಕಿ ಬೇಟೆಯ 12 ಗೇಜಿನ ಕೋವಿಗೆ ಹಾಕುವ ತೋಟೆ 25ರ ನಾಲ್ಕು ಡಬ್ಬಿ ಇಟ್ಟರೆ ಅಲ್ಲಿಗೆ ಮುಗಿಯಿತು. ಹಾಗಾಗಿ ತೋಟೆ ಹೊತ್ತುಕೊಂಡು ಹೋಗುವುದೇ ವ್ಯರ್ಥ ಅಂತ ನನ್ನ ಲೆಕ್ಕ. ಹೋದ ಊರಿನ ಅಂಗಡಿಯಲ್ಲೇ ಕೊಳ್ಳಿ. ಗುಂಡಿನ ಮದ್ದು, ಆ ಮದ್ದಿಗೆ ಕಿಡಿ ಹಚ್ಚುವ ಪ್ರೈಮರ್ ಇವುಗಳನ್ನು ಬಿಡಿಬಿಡಿಯಾಗಿ ಯಾವ ಲಗೇಜಿನಲ್ಲೂ ಒಯ್ಯುವಂತಿಲ್ಲ.

ವಿಮಾನದ ಚೆಕ್-ಇನ್ ಕೌಂಟರಿನಲ್ಲಿ ಮಾತು ಶುರು ಮಾಡುವ ರೀತಿ ಮುಖ್ಯ. "ಐ ಹ್ಯಾವ್ ಎ ಗನ್" ಅಂತ ಬಾಯಿ ತೆರೆಯಬೇಡಿ. "ಐ ನೀಡ್ ಟು ಡಿಕ್ಲೇರ್ ಆನ್ ಅನ್‌ಲೋಡೆಡ್ ಫೈರ್‌ಆರ್ಮ್" ಅನ್ನಿ. ಅವರು ಒಂದು ಚೀಟಿ ಕೊಡುತ್ತಾರೆ, ಸಾಮಾನ್ಯವಾಗಿ ಕಿತ್ತಳೆ ಬಣ್ಣದ್ದು. ಸಹಿ ಹಾಕಿದ ಮೇಲೆ ಅದನ್ನು ಎಲ್ಲಿಡಬೇಕೆಂದು ಅವರೇ ಹೇಳುತ್ತಾರೆ. ಆಮೇಲೆ ಅಲ್ಲೇ ಸ್ವಲ್ಪ ಹೊತ್ತು ನಿಲ್ಲಿ. ಸ್ಕ್ಯಾನಿಂಗ್‌ನಲ್ಲಿ ಸಂಶಯ ಬಂದು ನಿಮ್ಮ ಹೆಸರು ಕೂಗಿದಾಗ ನೀವು ಗೇಟಿನ ಹತ್ತಿರ ಕಾಫಿ ಕುಡಿಯುತ್ತಿದ್ದರೆ ಪೆಟ್ಟಿಗೆ ಹಿಂದೆ ಉಳಿಯುತ್ತದೆ. ಹಿಂತಿರುಗುವಾಗಲೂ ಇದೇ ವಿಧಿ, ಮೊದಲಿಂದ.

ದಾರಿ ಮಧ್ಯೆ ವಿಮಾನ ಬದಲಿಸುವುದಿದ್ದರೆ ನ್ಯೂಯಾರ್ಕ್, ನ್ಯೂಜೆರ್ಸಿ ತಪ್ಪಿಸಿ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಕೋವಿ ಸಾಗಿಸುವವರಿಗೆ 1986ರ ಫೆಡರಲ್ ಕಾನೂನಿನ ರಕ್ಷಣೆ ಇದೆ, ನಿಜ. ಆದರೆ 2005ರಲ್ಲಿ ಯೂಟಾದ ಒಬ್ಬರಿಗೆ ನ್ಯೂಜೆರ್ಸಿಯ ನ್ಯೂಆರ್ಕ್‌ನಲ್ಲಿ ಮುಂದಿನ ವಿಮಾನ ತಪ್ಪಿತು. ಪೆಟ್ಟಿಗೆ ಕೈಗೆ ಪಡೆದು ರಾತ್ರಿ ಹೋಟೆಲಿನಲ್ಲಿ ಉಳಿದರು. ಬೆಳಿಗ್ಗೆ ಕೌಂಟರಿನಲ್ಲಿ ಪ್ರಾಮಾಣಿಕವಾಗಿ ಕೋವಿ ಇದೆ ಅಂದರು. ಅಲ್ಲೇ ಬಂಧನ. ಅವರು ಪರಿಹಾರ ಕೇಳಿ ಹೂಡಿದ ದಾವೆಯನ್ನು 2010ರಲ್ಲಿ ಮೇಲ್ಮನವಿ ಕೋರ್ಟೂ ಒಪ್ಪಲಿಲ್ಲ. ರಾತ್ರಿ ಪೆಟ್ಟಿಗೆ ಅವರ ಕೈಗೆ ಸಿಗುವಂತಿತ್ತು, ಹಾಗಾಗಿ ಆ ರಕ್ಷಣೆ ಅನ್ವಯಿಸದು ಅಂದಿತು. ನಿಮಗೂ ಹೀಗೆ ಆದರೆ ಪೆಟ್ಟಿಗೆಯನ್ನು ಕೈಗೆ ತೆಗೆದುಕೊಳ್ಳಬೇಡಿ, ಏರ್‌ಲೈನ್‌ನವರ ಬಳಿಯೇ ಇರಲಿ.

ಭದ್ರತಾ ತಪಾಸಣೆಯಲ್ಲಿ ಕೈಚೀಲದಿಂದ ಸಿಕ್ಕ ಕೋವಿಗಳು 2024ರಲ್ಲಿ ಅಮೆರಿಕದಾದ್ಯಂತ 6,678. ಅವುಗಳಲ್ಲಿ ಶೇ 94ರಷ್ಟರಲ್ಲಿ ಗುಂಡು ತುಂಬಿತ್ತು. ಸಿಕ್ಕಿಬಿದ್ದವರು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು, ಮರೆತುಹೋಗಿತ್ತು. ಮರೆವಿಗೂ ಸಾವಿರಾರು ಡಾಲರ್ ದಂಡ ಉಂಟು, ತಪಾಸಣೆಯಲ್ಲಿ ಬೇಗ ಸಾಗಲು ಕೊಡುವ ಪ್ರಿಚೆಕ್ ಸೌಲಭ್ಯ ಕನಿಷ್ಠ 5 ವರ್ಷ ಕಟ್.

ಈಗ ಊರಿನ ಸೂಟ್‌ಕೇಸ್. ಅಮೆರಿಕದೊಳಗೆ ಒಂದು ಗುಂಡು ಮರೆತರೆ ದಂಡ, ಕಿರಿಕಿರಿ. ಭಾರತದ ವಿಮಾನ ನಿಲ್ದಾಣದಲ್ಲಿ ಅದೇ ಒಂದು ಗುಂಡು ಸಿಕ್ಕರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಎಫ್‌ಐಆರ್. ಹೋಗುವಾಗ ಡಲ್ಲಾಸ್‌ನಲ್ಲಿ ಯಾರೂ ಏನೂ ಹೇಳಲಿಲ್ಲ ಅಂದರೆ ಪಾರಾದಿರಿ ಅಂತಲ್ಲ. ಮುಂಬೈಯಿಂದ ಹುಬ್ಬಳ್ಳಿಗೆ ಹೋಗುವಾಗಲೋ, ರಜೆ ಮುಗಿಸಿ ಬೆಂಗಳೂರಿನಿಂದ ವಾಪಸ್ ಹೊರಡುವಾಗಲೋ ಎಕ್ಸ್‌ರೇಯಲ್ಲಿ ಕಾಣಬಹುದು. ಕೊಡವರಿಗೆ, ಕೊಡಗಿನ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನ ವಿನಾಯಿತಿ 2029ರವರೆಗೆ ಇದೆ. ಅದನ್ನು ನಂಬಿ ಇಲ್ಲಿಂದ ಗುಂಡು ಒಯ್ಯಲು ಹೋಗಬೇಡಿ. ಕೊಡವರ ಆಯುಧ ಹಬ್ಬ ಕೈಲ್‌ಪೊಳ್ದ್‌ಗೆ ತೆಂಗಿನಕಾಯಿಗೆ ಹೊಡೆಯಬೇಕು ಅಂದರೆ ಮನೆಯ ಕೋವಿ, ಅಲ್ಲಿಯ ತೋಟೆ ಸಾಕು.

.22 ಗುಂಡು ಒಂದು ಅಂಗುಲದಷ್ಟು ಉದ್ದ, ಮುರಿದ ಪೆನ್ಸಿಲ್ ತುದಿಯ ಹಾಗೆ. ಚೀಲದ ಒಳಜೇಬಿನ ಹೊಲಿಗೆ ಬಿಟ್ಟಿದ್ದರೆ ಅಸ್ತರಿನೊಳಗೆ ಜಾರಿ ಚಕ್ರದ ಗೂಡಿನ ಹತ್ತಿರ ಕೂರುತ್ತದೆ. ಕೈಯಾಡಿಸಿದರೆ ಸಿಗುವುದಿಲ್ಲ. ಚೀಲವನ್ನು ತಲೆಕೆಳಗಾಗಿ ಹಿಡಿದು ಕೊಡವಿ, ಅಸ್ತರಿನ ಜಿಪ್ ತೆರೆದು ಟಾರ್ಚ್ ಬಿಟ್ಟು ನೋಡಿ. ರೇಂಜಿಗೆ ಒಯ್ದ ಚೀಲವನ್ನು ಪ್ರಯಾಣಕ್ಕೆ ಬಳಸಲೇಬೇಡಿ. ಗುಂಡಿನ ಆಕಾರದ ಕೀ ಚೈನ್, ನೆನಪಿಗೆಂದು ಎತ್ತಿಟ್ಟ, ಹಾರಿಸಿದ ಗುಂಡಿನ ಖಾಲಿ ಕೇಸು, ಅವೂ ಇಲ್ಲೇ ಇರಲಿ.

ನಮ್ಮವರಲ್ಲಿ ಇನ್ನೊಂದು ರೂಢಿ ಇದೆಯಲ್ಲ. "ಊರಿಗೆ ಹೊರಟಿದ್ದೀನಿ, ದೊಡ್ಡ ಸೂಟ್‌ಕೇಸ್ ಇದ್ದರೆ ಕೊಡಿ ಅಣ್ಣಾ" ಅಂತ ಕೇಳಿ ಪಡೆಯುವುದು. ಕೊಟ್ಟವರು ಬೇಟೆಗೆ ಹೋಗುವವರಾ ಅಂತ ಕೇಳಲು ನಾಚಿಕೆ ಬೇಡ. ಕೊಡುವವರೂ ತಾವಾಗಿಯೇ ಹೇಳಲಿ.

ಅಷ್ಟಾಗಿಯೂ ಅಲ್ಲಿ ಸಿಕ್ಕಿಬಿದ್ದರೆ ವಾದಕ್ಕೆ ಇಳಿಯಬೇಡಿ. ನನ್ನದಲ್ಲ ಅಂತ ಸುಳ್ಳೂ ಬೇಡ. ವಕೀಲರನ್ನು ಕರೆಸಿ. ತನ್ನ ಬಳಿ ಇದೆ ಅನ್ನುವ ಅರಿವೇ ಇರಲಿಲ್ಲ ಅಂತ ತೋರಿಸಿದವರ ಇಂಥ ಕೇಸುಗಳನ್ನು ಹೈಕೋರ್ಟ್‌ಗಳು ರದ್ದು ಮಾಡಿದ್ದುಂಟು. ಅದಕ್ಕೆ ನಿಮ್ಮ ಅಮೆರಿಕದ ಬೇಟೆ ಲೈಸೆನ್ಸ್, ಕೋವಿ ಕೊಂಡ ರಸೀದಿ, ರೇಂಜಿನ ಸದಸ್ಯತ್ವದ ಕಾಗದ ಬೇಕಾಗಬಹುದು. ಅವುಗಳ ಫೋಟೊ ನಿಮ್ಮ ಇಮೇಲಿನಲ್ಲಿ ಒಂದು ಕಡೆ ಇರಲಿ. ಫೋನನ್ನು ಪೊಲೀಸರು ತೆಗೆದಿಟ್ಟುಕೊಂಡರೂ ಮನೆಯವರು ತೆಗೆದು ವಕೀಲರಿಗೆ ಕಳಿಸಬಹುದು.